ಆಯಿಯ ಕಚ್ಚೆ, ಮಗಳ ಸ್ಕಾರ್ಟ್

ಹೋದ ಜೂನಿನಲ್ಲಿ ಮಗಳಿಗೆ ಆಟದ ಬಟ್ಟೆ ಕೊಡಿಸಲು ಚಿಕ್ಕೋಡಿಯ ಒಂದು ಅಂಗಡಿಗೆ ಹೋಗಿದ್ದೆವು. ಅವ್ವನೂ ಬಂದಿದ್ದಳು. ಎಪ್ಪತ್ತೈದು ದಾಟಿದ್ದರೂ ಪೇಟೆಗೆ ಹೊರಟರೆ ಅವಳೇ ಮೊದಲು ಚಪ್ಪಲಿ ಮೆಟ್ಟುವವಳು. ಮಗಳು ಶಾಲೆಯಲ್ಲಿ ಬ್ಯಾಡ್ಮಿಂಟನ್ ಆಡುತ್ತಾಳೆ, ಖೋ ಖೋ ಕೂಡ. ಅವಳು ಕೇಳಿದ್ದು ಸ್ಕಾರ್ಟ್. ಅಂಗಡಿಯ ಹುಡುಗ ಒಂದನ್ನು ತೆಗೆದು, ಮುಂದಿನ ಪದರ ಎತ್ತಿ ಅವ್ವನಿಗೆ ತೋರಿಸಿದ: "ನೋಡ್ರಿ ಅಜ್ಜಿ, ಹೊರಗ ಲಂಗಾ ಕಂಡಂಗ ಕಾಣತೈತಿ, ಒಳಗ ಚಡ್ಡಿ. ಓಡಬಹುದು, ಜಿಗಿಬಹುದು, ಏನೂ ಕಾಣೂದಿಲ್ಲ. ಕಿಸೆನೂ ಐತಿ."

ಅವ್ವ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದರಾಗ ಹೊಸಾದೇನೈತಿ? ನಮ್ಮ ಅತ್ತಿ ಕಚ್ಚಿ ಹಾಕ್ತಿದ್ಲಲ್ಲ, ಅದ ಇದು" ಅಂದಳು.

ನಾನು ಇತಿಹಾಸ ಪಾಠ ಮಾಡುವವಳು. ಇಪ್ಪತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ರಾಜ್ಯಗಳು ಎದ್ದದ್ದನ್ನೂ ಬಿದ್ದದ್ದನ್ನೂ ಹೇಳಿಕೊಟ್ಟಿದ್ದೇನೆ. ಆದರೆ ನನ್ನ ಆಯಿಯ ಸೀರೆಗೂ ಒಂದು ಇತಿಹಾಸವಿದೆ ಎಂಬುದು ಆ ದಿನದವರೆಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದಕ್ಕಿಂತ, ನೆನೆಯಲು ಮನಸ್ಸಿರಲಿಲ್ಲ ಎಂದರೆ ನಿಜಕ್ಕೆ ಹತ್ತಿರ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆಯಿ ಎಂದರೆ ಅಪ್ಪನ ತಾಯಿ. ನಮ್ಮದು ನಿಪ್ಪಾಣಿಗೂ ಚಿಕ್ಕೋಡಿಗೂ ನಡುವಿನ ಒಂದು ಊರು. ಕಪ್ಪು ಎರೆ ಮಣ್ಣು, ಮಳೆಗಾಲದಲ್ಲಿ ತಂಬಾಕಿನ ಸಸಿ, ಈಚೆಗೆ ಎಲ್ಲೆಲ್ಲೂ ಕಬ್ಬು. ಆಯಿ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ. ಎರಡು ಮೊಳಕ್ಕೆ ಒಂದು ಗಜ. ಹಾಗಾಗಿ ಗಡಿಯಾಚೆಯ ಮರಾಠಿಯವರು ಅದನ್ನೇ ನೌವಾರಿ, ಅಂದರೆ ಒಂಬತ್ತು ಗಜದ್ದು, ಎನ್ನುತ್ತಾರೆ. ಮೀಟರಿನ ಲೆಕ್ಕದಲ್ಲಿ ಎಂಟು ಮೀಟರಿಗೂ ಸ್ವಲ್ಪ ಹೆಚ್ಚು. ಒಳಗೆ ಪರಕಾರ ಇಲ್ಲ. ಮೊದಲು ಸೊಂಟಕ್ಕೆ ಒಂದು ಸುತ್ತು ತಂದು ಬಿಗಿಯಾಗಿ ಗಂಟು, ಆಮೇಲೆ ಹೊಟ್ಟೆಯ ಮುಂದೆ ನಿರಿಗೆ. ಆ ನಿರಿಗೆಯ ಕೆಳ ತುದಿಯನ್ನು ಎರಡು ಕಾಲಿನ ನಡುವೆ ಹಿಂದಕ್ಕೆ ಎಳೆದು ಬೆನ್ನ ಕೆಳಗೆ ಸೊಂಟದಲ್ಲಿ ಸಿಕ್ಕಿಸಿದರೆ ಕಚ್ಚೆ. ಉಳಿದ ಅರ್ಧ ಮೈಮೇಲೆ ಹಾದು ಸೆರಗಾಗುತ್ತದೆ. ಮುಂದಿನಿಂದ ನೋಡಿದರೆ ಸೀರೆ, ಕಾಲೆತ್ತಿದರೆ ಇಜಾರ. ಒಂದು ಗುಂಡಿ ಇಲ್ಲ, ಹೊಲಿಗೆ ಇಲ್ಲ, ಲಾಡಿ ಇಲ್ಲ.

ಮುಂದೆ ಹೊಟ್ಟೆಯ ಹತ್ತಿರ ಸೆರಗನ್ನು ಎತ್ತಿ ಸಿಕ್ಕಿಸಿಕೊಂಡರೆ ಉಡಿ. ಮಗಳ ಸ್ಕಾರ್ಟಿನ ಕಿಸೆಯಲ್ಲಿ ಒಂದು ಮೊಬೈಲು ಹಿಡಿದರೆ ಹೆಚ್ಚು. ಆಯಿಯ ಉಡಿಯಲ್ಲಿ ಎರಡು ಸೇರು ಮೆಣಸಿನಕಾಯಿ, ಬಿಡಿಸಿದ ಹತ್ತಿ, ಶೇಂಗಾ, ಒಮ್ಮೊಮ್ಮೆ ಬೆಕ್ಕಿನ ಮರಿ. ಎಲೆಯಡಿಕೆಯ ಸಂಚಿಗೆ ಸೊಂಟದಲ್ಲಿ ಬೇರೆಯದೇ ಜಾಗ. ಹೆಂಗಸರ ಬಟ್ಟೆಗೆ ಕಿಸೆ ಯಾಕಿಲ್ಲ ಎಂದು ಈಗ ಪತ್ರಿಕೆಗಳಲ್ಲಿ ಚರ್ಚೆ ಓದುವಾಗಲೆಲ್ಲ ನನಗೆ ಆ ಉಡಿ ನೆನಪಾಗುತ್ತದೆ. ಮದುವೆಯಲ್ಲಿ, ಸೀಮಂತದಲ್ಲಿ ಉಡಿ ತುಂಬುವ ಶಾಸ್ತ್ರ ಮಾಡುತ್ತೇವಲ್ಲ, ಅದರಲ್ಲಿ ತುಂಬುವುದೂ ಈ ಕಿಸೆಯನ್ನೇ.

ಸೀರೆ ಬರುತ್ತಿದ್ದದ್ದು ಎರಡು ಕಡೆಯಿಂದ. ಹಬ್ಬದ್ದು ಇಳಕಲ್ಲಿನದು: ಹತ್ತಿಯ ಒಡಲು, ಕೆಂಪು ಬಿಳಿ ಪಟ್ಟೆಯ ಸೆರಗು, ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸಿನ ನೂಲು, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಜೋಡಿಸುವುದು. ಮೇಲೆ ಗುಳೇದಗುಡ್ಡದ ಖಣದ ಕುಬಸ. ದಿನಬಳಕೆಯದು ಇಚಲಕರಂಜಿಯ ಕಡೆಯದು. ಅಲ್ಲಿ 1904ರಲ್ಲೇ ಮೊದಲ ವಿದ್ಯುತ್ ಮಗ್ಗ ಬಂದಿತ್ತು. ನಮ್ಮೂರಿನಿಂದ ಇಳಕಲ್ಲಿಗೆ ಹೋಗುವುದಕ್ಕಿಂತ ಇಚಲಕರಂಜಿ ಎಷ್ಟೋ ಹತ್ತಿರ. ಗಡಿ ಎಂಬುದು ನಮಗೆ 1956ರ ಮೇಲಿನ ಮಾತು. ಅದಕ್ಕೂ ಮೊದಲು ಈ ಸೀಮೆ ಮುಂಬಯಿ ಪ್ರಾಂತ್ಯದ್ದು, ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಸೀರೆಗೆ ಆಗಲೂ ಗಡಿ ಇರಲಿಲ್ಲ. ಮಿರಜಿನ ಸಂತೆಯಲ್ಲೂ ಅಥಣಿಯ ಸಂತೆಯಲ್ಲೂ ಅದೇ ಕಚ್ಚೆ. 1867ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದ ಚಿತ್ರಕಾರ ಎಂ. ವಿ. ಧುರಂಧರ್ ಬರೆದ ಹೆಂಗಸರ ಚಿತ್ರಗಳನ್ನು ನೋಡುತ್ತ ಕೂತರೆ ನಮ್ಮೂರ ಬಾವಿಕಟ್ಟೆಯೇ ಕಣ್ಣಮುಂದೆ ಬಂದಂತಾಗುತ್ತದೆ.

ಕನ್ನಡದಲ್ಲಿ ಈ ಬಟ್ಟೆಗೆ ಇರುವ ಮಾನವನ್ನು ಭಾಷೆಯಲ್ಲೇ ನೋಡಬಹುದು. ಕೆಲಸಕ್ಕೆ ಸಿದ್ಧವಾಗುವುದೆಂದರೆ ಕಚ್ಚೆ ಕಟ್ಟುವುದು. ವೀರಗಾಸೆ ಎಂಬ ಕುಣಿತದ ಹೆಸರಿನಲ್ಲಿ ಇರುವುದೂ ಕಾಸೆಯೇ. ಒನಕೆ ಓಬವ್ವನನ್ನು ಕಚ್ಚೆ ಇಲ್ಲದೆ ನೆನೆಯಲು ನಮಗೆ ಬರುವುದಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿದ ಆ ರೂಪ ಕಣ್ಣಲ್ಲಿ ಕೂತುಬಿಟ್ಟಿದೆ. ಕಿತ್ತೂರು ಚೆನ್ನಮ್ಮನನ್ನು ಕುದುರೆ ಮೇಲೆ ಕೂರಿಸಿದ ಶಿಲ್ಪಿಗೆ ಬೇರೆ ದಾರಿಯೂ ಇರಲಿಲ್ಲ. ಗೋಲು ಸೀರೆ ಉಟ್ಟು ಕುದುರೆಯ ಎರಡೂ ಮಗ್ಗುಲಿಗೆ ಕಾಲು ಹಾಕಿ ಕೂರುವುದು ಹೇಗೆ?

ಈ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಕುದುರೆಯ ಬದಲು ಸೈಕಲ್ಲಿನ ಮೇಲೆ ಕೇಳಿದರು. ಅಲ್ಲಿಯ ಹೆಂಗಸರಿಗೆ ನೆಲ ಗುಡಿಸುವ ಲಂಗ, ಅದರೊಳಗೆ ಇನ್ನಷ್ಟು ಲಂಗ. 1851ರಲ್ಲಿ ಅಮೆರಿಕದ ಅಮೇಲಿಯಾ ಬ್ಲೂಮರ್ ಲಂಗವನ್ನು ಮೊಣಕಾಲಿನವರೆಗೆ ತಂದು ಕೆಳಗೆ ತುರ್ಕಿಯವರಂಥ ಇಜಾರ ತೊಡಬಹುದೆಂದು ತಮ್ಮ ಪತ್ರಿಕೆಯಲ್ಲಿ ಬರೆದಾಗ ಬೀದಿ ಹುಡುಗರು ಕಲ್ಲು ಹಿಡಿದು ಬೆನ್ನು ಹತ್ತಿದರು. ಮೂವತ್ತು ವರ್ಷದ ಮೇಲೆ, 1881ರಲ್ಲಿ, ಲಂಡನ್ನಿನಲ್ಲಿ ಲೇಡಿ ಹಾರ್ಬರ್ಟನ್ ಮತ್ತವರ ಗೆಳತಿಯರು ವಿವೇಕದ ಉಡುಪಿಗಾಗಿ ಒಂದು ಸಂಘವನ್ನೇ ಕಟ್ಟಿದರು. ಅವರು ಬೇಡಿದ್ದು ಸೀಳಿದ ಲಂಗ. 1898ರಲ್ಲಿ ಆಕೆ ಸೈಕಲ್ ಹೊಡೆದುಕೊಂಡು ಹೋಗಿ ಸರ್ರೆ ಪ್ರಾಂತ್ಯದ ಒಂದು ಹೋಟೆಲಿನಲ್ಲಿ ಕಾಫಿ ಕೋಣೆಯಲ್ಲಿ ಊಟ ಕೇಳಿದರೆ, ಈ ವೇಷದವರಿಗೆ ಇಲ್ಲಿ ಜಾಗವಿಲ್ಲ, ಆಚೆ ಬಾರಿನ ಕೋಣೆಯಲ್ಲಿ ಕೂತುಕೊಳ್ಳಿ ಎಂದರಂತೆ. ಮಾತು ಕೋರ್ಟಿಗೆ ಹೋಯಿತು. ಗೆದ್ದದ್ದು ಹೋಟೆಲಿನವರು. 1931ರಲ್ಲಿ ಸ್ಪೇನಿನ ಲಿಲಿ ಡಿ ಆಲ್ವಾರೆಜ್ ವಿಂಬಲ್ಡನ್ನಿನಲ್ಲಿ ಸೀಳಿದ ಲಂಗ ತೊಟ್ಟು ಆಡಿದಾಗಲೂ ಗದ್ದಲ. ಸ್ಕರ್ಟ್ ಮತ್ತು ಶಾರ್ಟ್ಸ್ ಎಂಬೆರಡು ಪದ ಕೂಡಿಸಿ ಸ್ಕಾರ್ಟ್ ಎಂದು ಕರೆದದ್ದು ಅದಕ್ಕೂ ಈಚೆಗೆ.

ಇಂಗ್ಲೆಂಡಿನ ದೊಡ್ಡ ಮನೆಯ ಹೆಂಗಸರು ಇದಕ್ಕಾಗಿ ಕಟಕಟೆ ಹತ್ತುತ್ತಿದ್ದ ಕಾಲಕ್ಕೆ ಚಿಕ್ಕೋಡಿಯ ಹೊಲಗಳಲ್ಲಿ ಹೆಂಗಸರು ಕಚ್ಚೆ ಹಾಕಿ ಕಳೆ ತೆಗೆಯುತ್ತಿದ್ದರು, ನೋಡಿ ನಮ್ಮ ಹಿರಿಮೆ — ಎಂದು ಇಲ್ಲಿಗೆ ಲೇಖನ ಮುಗಿಸಿದ್ದರೆ ನನಗೂ ಹಿತವಾಗುತ್ತಿತ್ತು, ಓದಿದವರೂ ಹಂಚಿಕೊಳ್ಳುತ್ತಿದ್ದರು. ಆದರೆ ಕಚ್ಚೆಯ ಕಥೆ ಅಷ್ಟು ಚೊಕ್ಕವಾಗಿಲ್ಲ.

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ ಬಂದದ್ದು 1884ರಲ್ಲಿ. ಅದರಲ್ಲಿ ಜಿಲ್ಲೆಯ ಒಂದೊಂದು ಜಾತಿಯ ಬಗ್ಗೆಯೂ ಬರೆದಿದ್ದಾರೆ: ಏನು ತಿನ್ನುತ್ತಾರೆ, ಹೇಗೆ ಮದುವೆ ಮಾಡುತ್ತಾರೆ, ಸತ್ತವರನ್ನು ಸುಡುತ್ತಾರೋ ಹೂಳುತ್ತಾರೋ. ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಗತಿ, ಆ ಜಾತಿಯ ಹೆಂಗಸರು ಸೀರೆಯ ಅಂಚನ್ನು ಕಾಲ ನಡುವೆ ಹಿಂದಕ್ಕೆ ಸಿಕ್ಕಿಸುತ್ತಾರೋ ಇಲ್ಲವೋ ಎಂಬುದು. ಬಿಳಿ ಅಧಿಕಾರಿಗೆ ಇದು ಗುರುತು ಹಿಡಿಯುವ ಸುಲಭದ ದಾರಿ. ಊರಿನವರಿಗೂ ಅದು ಗುರುತೇ. ಯಾರು ಕಚ್ಚೆ ಹಾಕಬೇಕು, ಯಾರು ಹಾಕಬಾರದು, ಹಾಕಿದರೆ ಪಾದದವರೆಗೆ ಇಳಿಬಿಡಬೇಕೋ ಮೊಣಕಾಲಿಗೆ ಎತ್ತಿ ಕಟ್ಟಬೇಕೋ, ಇದೆಲ್ಲ ಉಡುವವಳು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಪೂಜೆಗೆ ಕೂರುವ ಮನೆಯಾಕೆಯ ಕಚ್ಚೆ ಕಾಲ್ಗೆಜ್ಜೆಯನ್ನು ಮುಚ್ಚುತ್ತಿತ್ತು. ಹೊಲದಾಳಿನ ಕಚ್ಚೆ ಮೀನಖಂಡ ಬಿಟ್ಟು ಮೇಲಿರುತ್ತಿತ್ತು. ಎರಡೂ ಒಂದೇ ಉಡುಗೆ, ಎತ್ತರ ಮಾತ್ರ ಬೇರೆ. ಆ ಗೇಣಿನ ಅಂತರದಲ್ಲಿ ಇಡೀ ಊರಿನ ವ್ಯವಸ್ಥೆ ಇತ್ತು.

1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆಯಿತು, ಅದಕ್ಕೆ ಡಾ. ಅಂಬೇಡ್ಕರ್ ಬಂದಿದ್ದರು. ಎರಡು ವರ್ಷ ಕಳೆದು, 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ, ಸತ್ಯಾಗ್ರಹಕ್ಕೆ ಬಂದ ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಅವರು ಆಡಿದ ಮಾತು ಪ್ರಸಿದ್ಧ. ಮೊಣಕಾಲಿನವರೆಗೆ ಎತ್ತಿ ಕಟ್ಟುವ ಸೀರೆಯನ್ನೂ ಮೈಮೇಲಿನ ಭಾರದ ಅಗ್ಗದ ಒಡವೆಗಳನ್ನೂ ಬಿಡಿ, ನಿಮ್ಮ ಜಾತಿಯನ್ನು ದೂರದಿಂದಲೇ ಹೇಳುವ ಗುರುತು ಅವು, ಮೇಲಿನವರು ಉಡುವ ಹಾಗೆ ಉಡಿ ಎಂಬುದು ಅದರ ತಿರುಳು. ಮರುದಿನವೇ ಎಷ್ಟೋ ಹೆಂಗಸರು ಸೀರೆಯನ್ನು ಪಾದದವರೆಗೆ ಇಳಿಬಿಟ್ಟು ಬಂದರು. ಯುರೋಪಿನ ಹೆಂಗಸರಿಗೆ ಬಟ್ಟೆ ಮೇಲೇರಿದ್ದು ಬಿಡುಗಡೆ. ಮಹಾಡದ ಹೆಂಗಸರಿಗೆ ಬಟ್ಟೆ ಕೆಳಗಿಳಿದದ್ದು ಬಿಡುಗಡೆ. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಹಂಗಾದ್ರ ಯಾವುದು ಖರೇ ಮೇಡಂ?" ಎಂದು ಕೇಳಿದಳು. ಎರಡೂ ಎಂದೆ. ಅವಳಿಗೆ ಅದು ಸಮಾಧಾನ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಗೋಲು ಸೀರೆ, ಅಂದರೆ ಈಗ ಎಲ್ಲರೂ ಉಡುವ ಆರು ಗಜದ್ದು, ಒಳಗೊಂದು ಪರಕಾರ ಬೇಡುವಂಥದು, ನಮ್ಮ ಕಡೆಯ ಹಳ್ಳಿಗಳಿಗೆ ಬಂದದ್ದು ತಡವಾಗಿ. ಅದರ ಮೂಲದ ಬಗ್ಗೆ ಒಂದು ಸೋಜಿಗ ಇದೆ. ಬಂಗಾಳದ ಜ್ಞಾನದಾನಂದಿನಿ ದೇವಿ, ರವೀಂದ್ರನಾಥ ಠಾಕೂರರ ಅತ್ತಿಗೆ, 1860ರ ದಶಕದಲ್ಲಿ ಗಂಡನ ನೌಕರಿಯ ನಿಮಿತ್ತ ಮುಂಬಯಿಗೆ ಬಂದು, ಅಲ್ಲಿಯ ಪಾರಸಿ ಹೆಂಗಸರು ಉಡುವುದನ್ನು ನೋಡಿ, ಕುಪ್ಪಸ ಮತ್ತು ಒಳಲಂಗದ ಜೊತೆ ಸೀರೆ ಉಡುವ ಹೊಸ ರೀತಿ ರೂಢಿಗೆ ತಂದರು. ಓದಿದ ಹೆಣ್ಣು ಮನೆಯಿಂದ ಹೊರಗೆ ಬರಲು ಆ ಉಡುಗೆ ನೆರವಾಯಿತು ಎಂಬುದು ಸುಳ್ಳಲ್ಲ. ಆದರೆ ಅದು ಗಾಡಿಯಿಂದ ಇಳಿದು ಸಭೆಗೆ ನಡೆಯುವವಳ ಉಡುಗೆ. ಬದು ದಾಟುವವಳದಲ್ಲ.

ನಮ್ಮ ಮನೆಯಲ್ಲಿ ಆ ಬದಲಾವಣೆ ಆದದ್ದು ಅವ್ವನ ಕಾಲಕ್ಕೆ. ಅವಳ ಮದುವೆ 1968ರಲ್ಲಿ. ಅಪ್ಪನಿಗೆ ಸರಕಾರಿ ಗುಮಾಸ್ತಿಕೆ. "ಊರಾಗ ಏನರ ಉಡು, ಪೇಟಿಗೆ ಬರೂದಾದ್ರ ಗೋಲ ಸೀರಿ ಉಟಗೊಂಡು ಬಾ" ಎಂದರಂತೆ. ಒಂಬತ್ತು ಗಜಕ್ಕಿಂತ ಆರು ಗಜಕ್ಕೆ ದುಡ್ಡೂ ಕಡಿಮೆ, ಒಗೆಯುವುದೂ ಹಗುರ. ಅವ್ವನಿಗೂ ಬೇಕಾಗಿತ್ತು, ಅವಳು ಅದನ್ನು ಮುಚ್ಚಿಡುವುದಿಲ್ಲ. ಬೇಡವಾಗಿದ್ದವಳು ಆಯಿ ಒಬ್ಬಳೇ. "ಕಾಲಿಗೆ ಚೀಲ ಕಟಗೊಂಡಂಗ ಐತೆಲ್ಲ ಅದು" ಎನ್ನುತ್ತಿದ್ದಳು. ಒಂದು ಮಳೆಗಾಲ ಬಾವಿಯ ಮೆಟ್ಟಿಲಲ್ಲಿ ಅವ್ವ ಒದ್ದೆ ಸೀರೆಯ ಅಂಚು ತುಳಿದು ಬಿದ್ದು ಮುಂಗೈ ಮುರಿದುಕೊಂಡಳು. ಆಯಿ ಏನೂ ಅನ್ನಲಿಲ್ಲವಂತೆ, ಒಂದು ತಿಂಗಳು ಅವಳೇ ನೀರು ಹೊತ್ತಳಂತೆ. ಆ ಮೌನ ಬೈಗುಳಕ್ಕಿಂತ ಜೋರಾಗಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ.

ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಕುಟ್ಟುವುದು, ಜರಡಿ ಹಿಡಿಯುವುದು, ತೂರುವುದು, ಧೂಳಿನಲ್ಲಿ ಇಡೀ ದಿನ. 1980ರ ಸುಮಾರಿಗೆ ಅವರು ಸಂಘಟಿತರಾದರು. ಯುಗಾಂತರ ಎಂಬ ಮಹಿಳೆಯರ ಚಿತ್ರತಂಡ, ದೀಪಾ ಧನರಾಜ್ ಅದರ ಸ್ಥಾಪಕರಲ್ಲಿ ಒಬ್ಬರು, 1982ರಲ್ಲಿ ಇವರ ಬಗ್ಗೆ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ನಮ್ಮ ಸೀಮೆಯ ದುಡಿಯುವ ಹೆಣ್ಣಿನ ಬಗ್ಗೆ ತಿಳಿಯಬೇಕೆನ್ನುವ ವಿದ್ಯಾರ್ಥಿಗಳು ಅದನ್ನು ಹುಡುಕಿ ನೋಡಬೇಕು.

ಅದೇ ಹೊತ್ತಿಗೆ, 1981ರ ಮಾರ್ಚಿನಲ್ಲಿ, ತಂಬಾಕಿಗೆ ಸರಿಯಾದ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳ್ತನದಲ್ಲಿ ಬೆಳೆಗಾರರು ನಿಪ್ಪಾಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ವಾರಗಟ್ಟಲೆ ಕೂತರು. ನಮ್ಮೂರಿನಿಂದಲೂ ಬುತ್ತಿ ಕಟ್ಟಿಕೊಂಡು ಹೋದರು, ಆಯಿಯೂ ಹೋದಳು. ಆಗ ಅವಳಿಗೆ ಐವತ್ತೈದು ಮೀರಿತ್ತು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆಯಿ ಆ ದಿನದ ಬಗ್ಗೆ ಹೇಳುತ್ತಿದ್ದದ್ದು ಬಹಳ ಕಡಿಮೆ. ಹೇಳಿದಾಗಲೂ ಯಾವಾಗಲೂ ಒಂದೇ ಮಾತು: "ಓಡಿದ್ನಿ. ಬದುವ ಹಾರಿದ್ನಿ, ಮುಳ್ಳ ಬೇಲಿ ದಾಟಿದ್ನಿ. ಕಚ್ಚಿ ಇತ್ತಂತ ಉಳದ್ನಿ. ನನ್ನ ಮಗ್ಗಲಾಕಿ ಗೋಲ ಸೀರಿಯಾಕಿ, ಎಡವಿ ಬಿದ್ಲು, ಆಕೀನ ಮತ್ತ ನಾನ ಎಬ್ಬಿಸಿ ಎಳಕೊಂಡ ಬಂದ್ನಿ." ಸಣ್ಣವಳಿದ್ದಾಗ ನನಗೆ ಇದು ಆಯಿಯ ಜಂಬದ ಕಥೆಯ ಹಾಗೆ ಕೇಳಿಸುತ್ತಿತ್ತು.

ಈಗ ನನ್ನ ಪಾಲಿನದನ್ನು ಹೇಳಬೇಕು. ಹೈಸ್ಕೂಲಿಗೆ ನನ್ನನ್ನು ನಿಪ್ಪಾಣಿಯ ಒಂದು ವಸತಿಗೃಹದಲ್ಲಿ ಬಿಟ್ಟಿದ್ದರು. 1986 ಇರಬೇಕು. ಒಂದು ಶನಿವಾರ ಆಯಿ ಸಂತೆಗೆ ಬಂದವಳು ನನಗೆಂದು ಕರದಂಟು, ಸುಟ್ಟ ಶೇಂಗಾ ಹಿಡಿದು ನೇರ ಗೇಟಿಗೆ ಬಂದಳು. ಉಡಿಯಲ್ಲಿ ಶೇಂಗಾ. ಮೊಣಕಾಲವರೆಗೆ ಎತ್ತಿ ಕಟ್ಟಿದ ಕಚ್ಚೆ, ಕಾಲಲ್ಲಿ ಒಣಗಿದ ಎರೆ ಮಣ್ಣು, ಬೆರಳುಗಳಲ್ಲಿ ತಂಬಾಕಿನ ಅಂಟಿನ ಕಪ್ಪು. ಗೆಳತಿಯರು ಅವಳ ಕಾಲು ನೋಡಿ ಮೊಣಕೈ ತಿವಿದುಕೊಂಡು ನಕ್ಕರು. "ಯಾರ ಅಕಿ?" ಅಂದರು. "ನಮ್ಮ ಹೊಲದಾಗ ಕೆಲಸಾ ಮಾಡ್ತಾಳ" ಅಂದೆ. ಸುಳ್ಳೇನೂ ಅಲ್ಲ. ಆಯಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಶೇಂಗಾ ನನ್ನ ಲಂಗಕ್ಕೆ ಸುರಿಯಲು ಹೋದಳು, ನನ್ನ ಸ್ಕೂಲ್ ಲಂಗಕ್ಕೆ ಉಡಿ ಎಲ್ಲಿಯದು? ಕೊನೆಗೆ ಒಂದು ಕಾಗದದ ಮೇಲೆ ಹಾಕಿ ಕೊಟ್ಟಳು. ಆಮೇಲೆ ಅವಳು ವಸತಿಗೃಹಕ್ಕೆ ಬರಲಿಲ್ಲ, ಅಪ್ಪನ ಕೈಯಲ್ಲಿ ಕಳಿಸುತ್ತಿದ್ದಳು. 1999ರಲ್ಲಿ ತೀರಿಕೊಂಡಳು. ಆ ಮಾತನ್ನು ನಾನು ಎತ್ತಲೂ ಇಲ್ಲ, ಅವಳೂ ಎತ್ತಲಿಲ್ಲ.

ಹೆಂಗಸರ ಕಾಲಿನ ಬಗ್ಗೆ ತೀರ್ಪು ಕೊಡುವವರಿಗೆ ಎಲ್ಲ ಕಾಲದಲ್ಲೂ ಬಿಡುವು ಇದ್ದೇ ಇರುತ್ತದೆ. 2011ರಲ್ಲಿ ಬ್ಯಾಡ್ಮಿಂಟನ್ನಿನ ಜಾಗತಿಕ ಸಂಸ್ಥೆ ದೊಡ್ಡ ಪಂದ್ಯಗಳಲ್ಲಿ ಹೆಂಗಸರು ಲಂಗ ತೊಟ್ಟೇ ಆಡಬೇಕು ಎಂದು ನಿಯಮ ಮಾಡಹೊರಟು, ಎಲ್ಲ ಕಡೆಯಿಂದ ಉಗಿಸಿಕೊಂಡು, ಮರುವರ್ಷ ಕೈಬಿಟ್ಟಿತು. ಐರ್ಲೆಂಡಿನಲ್ಲಿ ಕೋಲು ಚೆಂಡಿನ ಆಟವೊಂದಿದೆ, ಕಮೋಗಿ ಎಂದು. ಅದರಲ್ಲಿ ಹೆಂಗಸರು ಸ್ಕಾರ್ಟನ್ನೇ ತೊಡಬೇಕೆಂಬ ಕಟ್ಟಳೆ ಇತ್ತು. 2025ರ ಮೇ ತಿಂಗಳಲ್ಲಿ ಡಬ್ಲಿನ್ ಮತ್ತು ಕಿಲ್ಕೆನಿ ತಂಡಗಳು ಚಡ್ಡಿ ತೊಟ್ಟು ಮೈದಾನಕ್ಕಿಳಿದರೆ, ಬದಲಿಸಿ ಬನ್ನಿ, ಇಲ್ಲವಾದರೆ ಆಟ ಇಲ್ಲ ಎಂದರು. ಅವರು ಬದಲಿಸಿ ಬಂದು ಆಡಿದರು. ಅದೇ ತಿಂಗಳ 22ರಂದು ವಿಶೇಷ ಸಭೆ ಸೇರಿ ನೂರಕ್ಕೆ 98 ಮತ ಬಿದ್ದು, ಬೇಕಾದವರು ಸ್ಕಾರ್ಟ್, ಬೇಕಾದವರು ಚಡ್ಡಿ ಎಂದಾಯಿತು. ನನ್ನ ಮಗಳು ಆಸೆಪಟ್ಟು ಕೊಂಡ ಬಟ್ಟೆಯೇ ಅಲ್ಲಿಯ ಹುಡುಗಿಯರಿಗೆ ಬೇಡಿಯಾಗಿತ್ತು. ಬಟ್ಟೆ ಅದೇ.

ಹೊಲದಲ್ಲಿ ಈಗ ಕಚ್ಚೆ ಅಪರೂಪ. ಕಬ್ಬಿನ ರವದಿ ಮೈ ಕೊಯ್ಯದಿರಲೆಂದು ಹೆಂಗಸರು ಸೀರೆಯ ಮೇಲೆ ಗಂಡಂದಿರ ತುಂಬುತೋಳಿನ ಅಂಗಿ ತೊಡುತ್ತಾರೆ, ಸೀರೆಯ ಒಳಗೆ ಲೆಗ್ಗಿಂಗ್ಸ್. ನಾಟಿಯ ಹೊತ್ತಿಗೆ ಅಂಚನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಕಚ್ಚೆ ಕಳೆದುಕೊಂಡ ಗೋಲು ಸೀರೆಯನ್ನು ಹೇಗಾದರೂ ಮತ್ತೆ ಕಚ್ಚೆಯಾಗಿಸುವ ಪಾಡು ಅದು. ಸ್ಕೂಟಿ ಹೊಡೆಯುವವರಿಗೆ ಚೂಡಿದಾರ. 2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಹುಡುಗಿಯರು ಲಂಗದಿಂದ ಚೂಡಿದಾರಕ್ಕೆ ಬಂದದ್ದನ್ನು ನಾನೇ ಕಣ್ಣಾರೆ ಕಂಡೆ. ಇನ್ನೊಂದು ಕಡೆ ಕೊಲ್ಲಾಪುರದ ಅಂಗಡಿಗಳಲ್ಲಿ ಹೊಲಿದ ನೌವಾರಿ ಸಿಗುತ್ತದೆ. ಇಜಾರದ ಹಾಗೆ ಕಾಲು ತೂರಿಸಿ, ಜಿಪ್ ಎಳೆದರೆ ಆಯಿತು, ಎರಡೇ ನಿಮಿಷ. ಗ್ಯಾದರಿಂಗಿನಲ್ಲಿ ಕುಣಿಯುವ ಹುಡುಗಿಯರು, ಮದುವೆಯ ಹುಡುಗಿಯರು ಕೊಳ್ಳುತ್ತಾರೆ. ಹೊರಗೆ ಸೀರೆ, ಒಳಗೆ ಚಡ್ಡಿ. ಅಂಗಡಿ ಹುಡುಗ ಹೇಳಿದ ಮಾತೇ.

ಸ್ಕಾರ್ಟ್ ತಂದ ಮರುದಿನ ಅವ್ವ ಟ್ರಂಕಿನ ತಳದಿಂದ ಆಯಿಯ ಒಂದು ಇಳಕಲ್ ಸೀರೆ ತೆಗೆದಳು, ಮೊಮ್ಮಗಳಿಗೆ ಕಚ್ಚೆ ಹಾಕಿ ತೋರಿಸುತ್ತೇನೆಂದು. ಗಂಟು ಹಾಕಿದಳು, ನಿರಿಗೆ ಹಿಡಿದಳು, ಹಿಂದಕ್ಕೆ ಎಳೆದಳು. ಮಗಳು ಎರಡು ಹೆಜ್ಜೆ ಇಟ್ಟಳು, ಕಚ್ಚೆ ಬಿಚ್ಚಿ ನೆಲಕ್ಕೆ ಬಿತ್ತು. ಮೂರು ಸಲ ಹೀಗೇ. ಅವ್ವನಿಗೆ ಕೈ ನಡುಗುವುದು ಒಂದು, ಮದುವೆಯಾದ ಹೊಸದರಲ್ಲಿ ಕಲಿತದ್ದು ಮರೆತದ್ದು ಇನ್ನೊಂದು. ನಾನು ಮೊಬೈಲಿನಲ್ಲಿ ವೀಡಿಯೋ ಹುಡುಕಿದೆ. ಅದರಲ್ಲಿದ್ದವಳು ಪಾದದವರೆಗೆ ಇಳಿಬಿಟ್ಟು, ಮೂಗುತಿ ಹಾಕಿ, ಕ್ಯಾಮೆರಾ ನೋಡಿ ನಗುತ್ತಿದ್ದಳು. ಅವ್ವ "ಅದಲ್ಲ" ಎಂದು ಕೈ ಕೊಡವಿದಳು.

ಕೊನೆಗೆ ಓಣಿಯ ತುದಿಯ ಮನೆಯಿಂದ ಒಬ್ಬ ಅಜ್ಜಿಯನ್ನು ಕರೆತಂದೆವು. ಎಂಬತ್ತರ ಮೇಲಿರಬೇಕು, ಆಯಿಯ ಜೊತೆ ಆಳು ಹೋಗುತ್ತಿದ್ದವರು. ಅವರೇ ಈಗ ಗೋಲು ಸೀರೆಯಲ್ಲಿದ್ದರು. ನನ್ನ ಮಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ತಲೆ ಎತ್ತಿ ಕೇಳಿದರು:

"ಎಷ್ಟ ಎತ್ತರ ಬೇಕ?"

ನಾನು ಅವ್ವನ ಮುಖ ನೋಡಿದೆ. ಅವ್ವ ನನ್ನ ಮುಖ ನೋಡಲಿಲ್ಲ.

"ನಮ್ಮ ಅತ್ತಿ ಹಾಕ್ತಿದ್ಲಲ್ಲವಾ, ಅಷ್ಟ" ಅಂದಳು. "ಮೊಣಕಾಲ ಮಟ್ಟ."

"ಹಂಗಾದ್ರ ಕಾಲ ಅಗಲ ಮಾಡಿ ಗಟ್ಟಿ ನಿಂದ್ರ ತಂಗಿ" ಎಂದು ಅಜ್ಜಿ ಒಮ್ಮೆ ಜೋರಾಗಿ ಹಿಂದಕ್ಕೆ ಜಗ್ಗಿದರು.